ಶಿವಗಂಗೆಯ ಕಥೆ, ಚಿಕ್ಕಬೆಟ್ಟದ ಶಾಸನ: ಪಟ್ಟಮಹಾದೇವಿ ಶಾಂತಲೆಯ ಬಗ್ಗೆ ಕಲ್ಲು ಹೇಳುವುದೇನು?

ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಹೊರಟು ದಾಬಸ್‌ಪೇಟೆಯ ಬಳಿ ತಿರುಗಿದರೆ ಶಿವಗಂಗೆ ಬೆಟ್ಟ ಸಿಗುತ್ತದೆ. ವಾರದ ಕೊನೆಯಲ್ಲಿ ಅಲ್ಲಿ ಜನವೋ ಜನ. ಒಳಕಲ್ಲು ತೀರ್ಥದಲ್ಲಿ ಕೈ ಅದ್ದಿ, ಬಂಡೆಯ ಮೇಲಿನ ನಂದಿಯನ್ನು ನೋಡಿ, ತುದಿ ಮುಟ್ಟಿದವರಿಗೆ ಒಂದು ಕಡಿದಾದ ಅಂಚನ್ನು ತೋರಿಸಲಾಗುತ್ತದೆ. ಅದರ ಹೆಸರು ‘ಶಾಂತಲಾ ಡ್ರಾಪ್’. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಾದೇವಿ ಶಾಂತಲೆಗೆ ಗಂಡುಮಕ್ಕಳಿರಲಿಲ್ಲ. ತಾನು ಬದುಕಿರುವಷ್ಟು ದಿನ ರಾಜನಿಗೆ ಪಟ್ಟಕ್ಕೆ ಬರುವ ಮಗ ಹುಟ್ಟುವುದಿಲ್ಲವೆಂದು ನೊಂದು ಅವಳು ಇಲ್ಲಿಂದ ಹಾರಿ ಪ್ರಾಣ ಬಿಟ್ಟಳು ಎಂಬುದು ಕಥೆ. ಪ್ರವಾಸಿಗರು ಅಂಚಿನ ಬಳಿ ನಿಂತು ಫೋಟೊ ತೆಗೆದುಕೊಂಡು ಇಳಿಯುತ್ತಾರೆ.

ಅಲ್ಲಿಗೆ ಹೋಗುವ ಜೈನ ಕುಟುಂಬಗಳೂ ಈ ಕಥೆಯನ್ನೇ ಕೇಳಿಸಿಕೊಂಡು ಬರುತ್ತವೆ. ಮಕ್ಕಳು ಮನೆಗೆ ಬಂದು ‘ಶಾಂತಲೆ ಜೈನಳಲ್ಲವೇ, ಅವಳು ಆತ್ಮಹತ್ಯೆ ಮಾಡಿಕೊಂಡಳೇ?’ ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರ ಸಿದ್ಧವಿರುವುದಿಲ್ಲ. ಉತ್ತರವಿರುವುದು ಶಿವಗಂಗೆಯಲ್ಲೂ ಅಲ್ಲ, ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ, ಸುಮಾರು 900 ವರ್ಷ ಹಿಂದೆ ಕಡೆದ ಅಕ್ಷರಗಳಲ್ಲಿ.

ಸವತಿ ಗಂಧವಾರಣ ಬಸದಿ

ಚಂದ್ರಗಿರಿ ಎಂದು ಕರೆಯುವ ಚಿಕ್ಕಬೆಟ್ಟದ ಮೇಲೆ ಪ್ರಾಕಾರದೊಳಗೆ ಸಾಲಾಗಿ ಬಸದಿಗಳಿವೆ. ಅವುಗಳಲ್ಲಿ ಒಂದು ಶಾಂತಲೆ 1123ರಲ್ಲಿ ಕಟ್ಟಿಸಿದ್ದು. ಮೂಲನಾಯಕ ಶಾಂತಿನಾಥ ಸ್ವಾಮಿ. ಬಸದಿಗೆ ಬಂದಿರುವ ಹೆಸರು ರಾಣಿಯ ಬಿರುದಿನಿಂದ: ಸವತಿಯರೆಂಬ ಆನೆಗಳಿಗೆ ಮದಗಜದಂತಿದ್ದವಳು, ಅಂದರೆ ಸವತಿ ಗಂಧವಾರಣೆ. ಬಸದಿಯ ಪೂಜೆಗೆ, ಅಲ್ಲಿನ ಮುನಿಸಮುದಾಯದ ಆಹಾರದಾನಕ್ಕೆ ರಾಣಿ ದತ್ತಿ ಬಿಟ್ಟಳು. ದತ್ತಿಯನ್ನು ಪಡೆದವರು ಅವಳ ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರು. ಮೇಘಚಂದ್ರ ತ್ರೈವಿದ್ಯದೇವರ ಶಿಷ್ಯರಾದ ಇವರ ಹೆಸರು ಮುಂದೆಯೂ ಬರುತ್ತದೆ.

ಬಿರುದನ್ನು ಓದಿದವರು ನಕ್ಕು ಸುಮ್ಮನಾಗುತ್ತಾರೆ. ಆದರೆ ಶಿವಗಂಗೆಯ ಕಥೆಗೆ ಮೊದಲ ಪೆಟ್ಟು ಬೀಳುವುದು ಇದೇ ಬಿರುದಿನಿಂದ. 1123ರಲ್ಲೇ, ಅಂದರೆ ರಾಣಿಯ ಮರಣಕ್ಕೆ ಎಂಟು ವರ್ಷ ಮೊದಲೇ ಅವಳಿಗೆ ಸವತಿಯರಿದ್ದರು. ರಾಜ ಮತ್ತೊಂದು ಮದುವೆಯಾಗಲಿ, ಅವನಿಗೆ ಮಗ ಹುಟ್ಟಲಿ ಎಂದು ಪಟ್ಟದರಾಣಿ ಸಾಯಬೇಕಾದ ಪರಿಸ್ಥಿತಿ ಆ ಅರಮನೆಯಲ್ಲಿ ಇರಲೇ ಇಲ್ಲ. ಬಹುಪತ್ನಿತ್ವ ಅಂದಿನ ಅರಸರಲ್ಲಿ ಸಾಮಾನ್ಯವಾಗಿತ್ತು. ವಿಷ್ಣುವರ್ಧನನ ಬೇರೆ ರಾಣಿಯರ ಹೆಸರುಗಳೂ ಶಾಸನಗಳಲ್ಲಿ ಸಿಗುತ್ತವೆ. ಒಬ್ಬಳೇ ಹೆಂಡತಿ, ಅವಳಿಗೆ ಮಗನಿಲ್ಲ, ಆದ್ದರಿಂದ ಅವಳು ದಾರಿ ಬಿಟ್ಟುಕೊಡಬೇಕು ಎಂಬ ಕಲ್ಪನೆ ಈಚಿನ ಕಾಲದ ಸಂಸಾರದ ಚಿತ್ರವನ್ನು 12ನೇ ಶತಮಾನದ ಮೇಲೆ ಹೊದಿಸಿದಂತಿದೆ.

ಇನ್ನೂ ಒಂದು ಶಾಸನವನ್ನು ಇಲ್ಲಿ ನೋಡಬೇಕು. ಮೂಡಿಗೆರೆ ತಾಲ್ಲೂಕಿನ ಹಂತೂರಿನಲ್ಲಿರುವ 1130ರ ಶಾಸನದ ಪ್ರಕಾರ ವಿಷ್ಣುವರ್ಧನನ ಮಗಳು ಹರಿಯಬ್ಬರಸಿ ಅಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿದಳು. ಅವಳ ಗುರುಗಳು ಗಂಡವಿಮುಕ್ತ ಸಿದ್ಧಾಂತದೇವರು. ಅದೇ ಶಾಸನದಲ್ಲಿ ಕುಮಾರ ಬಲ್ಲಾಳದೇವನ ಹೆಸರೂ ಬರುತ್ತದೆ. ಶಾಂತಲೆ ಬದುಕಿದ್ದಾಗಲೇ ಹೊಯ್ಸಳ ಅರಮನೆಯಲ್ಲಿ ಒಬ್ಬ ಕುಮಾರನೂ, ಬಸದಿ ಕಟ್ಟಿಸುವಷ್ಟು ಬೆಳೆದ ಮಗಳೂ ಇದ್ದರು ಎಂದಾಯಿತು. ಮುಂದೆ ಪಟ್ಟಕ್ಕೆ ಬಂದವನು ಲಕ್ಷ್ಮೀದೇವಿಯ ಮಗ ನರಸಿಂಹ ಎಂಬುದು ನಿಜ. ಅವನು ಹುಟ್ಟಿದ್ದು ಶಾಂತಲೆಯ ಮರಣದ ಎರಡು ವರ್ಷದ ಮೇಲೆ. ಬಹುಶಃ ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ ಮುಂದಿನವರ ಬಾಯಲ್ಲಿ, ಒಂದು ಇನ್ನೊಂದಕ್ಕೆ ಕಾರಣವಾಗಿ ಕಥೆ ಕಟ್ಟಿಕೊಂಡಿತು.

‘ಮುಡಿಪಿ’ ಎಂಬ ಮಾತು

ಶಾಂತಲೆಯ ಮರಣವನ್ನು ಹೇಳುವ ಶಾಸನವೂ ಚಿಕ್ಕಬೆಟ್ಟದಲ್ಲೇ, ಅವಳ ಬಸದಿಯ ಬಳಿಯಲ್ಲೇ ಇದೆ. ದಿನ ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಸೋಮವಾರ. ಅಂದರೆ 1131ನೇ ಇಸವಿ. ಸ್ಥಳ ಶಿವಗಂಗೆಯ ತೀರ್ಥ. ರಾಣಿ ಅಲ್ಲಿ ‘ಮುಡಿಪಿ’ ಸ್ವರ್ಗಸ್ಥಳಾದಳು ಎನ್ನುತ್ತದೆ ಶಾಸನ. ಶಿವಗಂಗೆಯ ಕಥೆಯಲ್ಲಿ ನಿಜವಾದ ಅಂಶ ಇಷ್ಟೇ: ಊರು ಸರಿಯಾಗಿದೆ.

ಮುಡಿಪು ಎಂದರೆ ಇಂದಿಗೂ ಕನ್ನಡದಲ್ಲಿ ದೇವರಿಗೆಂದು ತೆಗೆದಿಟ್ಟದ್ದು, ಅರ್ಪಿಸಿದ್ದು. ಹಳಗನ್ನಡದ ನಿಸಿಧಿ ಶಾಸನಗಳಲ್ಲಿ ಈ ಮಾತು ವ್ರತದಿಂದ ದೇಹವನ್ನು ತ್ಯಜಿಸಿದವರ ಬಗ್ಗೆ ಮತ್ತೆ ಮತ್ತೆ ಬರುತ್ತದೆ. ಸನ್ಯಸನ, ಸಮಾಧಿ, ಆರಾಧನೆ, ಪಂಡಿತಮರಣ ಮೊದಲಾದ ಮಾತುಗಳ ಸಾಲಿಗೆ ಸೇರುವ ಮಾತು ಇದು. ಶಾಂತಲೆ ಎಷ್ಟು ದಿನ ಉಪವಾಸವಿದ್ದಳು, ಯಾರ ಸನ್ನಿಧಿಯಲ್ಲಿದ್ದಳು ಎಂಬ ವಿವರ ಈ ಶಾಸನದಲ್ಲಿಲ್ಲ. ಶಿವಗಂಗೆ ಶೈವ ಕ್ಷೇತ್ರವಾದ್ದರಿಂದ ಸಲ್ಲೇಖನಕ್ಕೆ ಅಲ್ಲಿಗೆ ಏಕೆ ಹೋದಳು ಎಂಬ ಪ್ರಶ್ನೆ ಏಳುವುದೂ ಸಹಜ. ಆದರೆ ಅವಳ ತಂದೆ ಪೆರ್ಗಡೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಹುಟ್ಟಿದ ಮನೆಯಲ್ಲೇ ಎರಡೂ ಸಮಯಗಳಿದ್ದ ಹೆಣ್ಣುಮಗಳಿಗೆ ಶಿವಗಂಗೆ ಪರಸ್ಥಳವಾಗಿರಲಿಲ್ಲ. ಹಾರಿದಳು, ಬಿದ್ದಳು ಎಂಬ ಅರ್ಥ ಕೊಡುವ ಒಂದು ಅಕ್ಷರವೂ ಶಾಸನದಲ್ಲಿಲ್ಲ ಎಂಬುದನ್ನಂತೂ ಸಂದೇಹವಿಲ್ಲದೆ ಹೇಳಬಹುದು.

ಮಗಳ ಮರಣದ ನಂತರ ನಡೆದದ್ದನ್ನು ಶಾಸನ ಹೆಚ್ಚು ವಿವರವಾಗಿ ಹೇಳುತ್ತದೆ, ಮತ್ತು ಅದು ಮನಸ್ಸನ್ನು ಕಲಕುವಂತಿದೆ. ಮಗಳೇ ಹೋದ ಮೇಲೆ ತಾನು ಇನ್ನು ಇರಲಾರೆ ಎಂದುಕೊಂಡ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸನ್ಯಸನವನ್ನು ಸ್ವೀಕರಿಸಿದಳು. ಅರೆಮುಚ್ಚಿದ ಕಣ್ಣು, ಬಾಯಲ್ಲಿ ಪಂಚನಮಸ್ಕಾರ, ಜಿನೇಂದ್ರನ ಸ್ಮರಣೆ, ಬಂಧುಗಳಿಂದ ಬಿಡುಗಡೆ. ಹೀಗೆ ಒಂದು ತಿಂಗಳು ಅನಶನವಿದ್ದು, ಭವ್ಯರೆಲ್ಲರ ಸಮ್ಮುಖದಲ್ಲಿ ಸಮಾಧಿಯನ್ನು ಸಾಧಿಸಿದಳು. ಪ್ರಭಾಚಂದ್ರ ಸಿದ್ಧಾಂತದೇವರೂ ಇತರ ಮುನಿಗಳೂ ಅಲ್ಲಿದ್ದರು. ಮಗಳಿಗೆ ಬಸದಿ ಕಟ್ಟಿಸಲು ಪ್ರೇರಣೆಯಾದ ಗುರುಗಳೇ ತಾಯಿಯ ಕೊನೆಯ ದಿನಗಳಿಗೂ ಸಾಕ್ಷಿಯಾದರು.

ದುಃಖದಲ್ಲಿ ತೆಗೆದುಕೊಂಡ ನಿರ್ಧಾರವಲ್ಲವೇ ಇದೂ, ಎಂದು ಇಂದಿನ ಓದುಗರು ಕೇಳಬಹುದು. ದುಃಖದಿಂದ ಆರಂಭವಾಯಿತು ಎಂಬುದನ್ನು ಶಾಸನ ಮುಚ್ಚಿಡುವುದಿಲ್ಲ. ಆದರೆ ಆ ದುಃಖದ ತಾಯಿಯನ್ನು ಒಂಟಿಯಾಗಿ ಬಿಡಲಿಲ್ಲ. ಗುರುಗಳ ಅನುಮತಿ, ಕ್ರಮ, ದಿನ, ಸಾಕ್ಷಿ ಎಲ್ಲವೂ ಇದ್ದವು. ಇಂಥ ಮರಣವನ್ನು ಅಡಗಿಸಲು ಯಾರೂ ನೋಡಲಿಲ್ಲ. ಕಲ್ಲಿನಲ್ಲಿ ಬರೆಸಿ ಬೆಟ್ಟದ ಮೇಲೆ ನಿಲ್ಲಿಸಿದರು.

ಗಿರಿಪಾತವನ್ನು ಆಚಾರ್ಯರು ಏನೆಂದು ಕರೆದರು?

ಶಿವಗಂಗೆಯ ಕಥೆಯನ್ನು ಒಪ್ಪಲಾಗದ ಇನ್ನೊಂದು ಕಾರಣ ಶಾಸನದ್ದಲ್ಲ, ಶಾಸ್ತ್ರದ್ದು. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವನ್ನು ಪಾಠಶಾಲೆಯಲ್ಲಿ ಓದಿದವರಿಗೆ ಮೂರು ಮೂಢತೆಗಳು ನೆನಪಿರಬಹುದು. ಲೋಕಮೂಢತೆ ಯಾವುದು ಎಂದು ಹೇಳುವಾಗ ಆಚಾರ್ಯರು ಪುಣ್ಯ ಬರುತ್ತದೆಂದು ನದಿ, ಸಮುದ್ರಗಳಲ್ಲಿ ಮುಳುಗುವುದು, ಮರಳು ಕಲ್ಲುಗಳ ರಾಶಿ ಹಾಕುವುದು, ಬೆಂಕಿಗೆ ಬೀಳುವುದು ಇವುಗಳ ಜೊತೆಗೆ ಬೆಟ್ಟದಿಂದ ಬೀಳುವುದನ್ನೂ ಹೆಸರಿಸಿದ್ದಾರೆ. ಅದು ಗಿರಿಪಾತ. ಸಮ್ಯಗ್ದರ್ಶನವುಳ್ಳ ಶ್ರಾವಕ ಶ್ರಾವಕಿಯರು ದೂರವಿಡಬೇಕಾದ ಕೆಲಸ ಅದು.

ಅದೇ ಗ್ರಂಥ ಸಲ್ಲೇಖನವನ್ನೂ ವಿವರಿಸುತ್ತದೆ. ಪರಿಹಾರವೇ ಇಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಬಂದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನ. ಮೊದಲು ರಾಗದ್ವೇಷ ಬಿಡಬೇಕು, ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ ಅವರಿಂದ ಕ್ಷಮೆ ಕೇಳಬೇಕು, ಮಾಡಿದ ಪಾಪಗಳ ಆಲೋಚನೆ ಮಾಡಬೇಕು. ಆಮೇಲೆ ಘನ ಆಹಾರ, ನಂತರ ಹಾಲಿನಂಥ ಪಾನ, ನಂತರ ನೀರು, ಹೀಗೆ ಒಂದೊಂದಾಗಿ ಕಡಿಮೆ ಮಾಡುತ್ತಾ ಹೋಗಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಇದರ ಐದು ಅತಿಚಾರಗಳನ್ನು ಹೇಳುತ್ತದೆ. ಬದುಕಬೇಕೆಂಬ ಆಸೆ ಒಂದು ದೋಷವಾದರೆ, ಬೇಗ ಸಾಯಬೇಕೆಂಬ ಆಸೆಯೂ ಅಷ್ಟೇ ದೋಷ. ಸ್ನೇಹಿತರ ಮೇಲಿನ ಮಮತೆ, ಹಿಂದಿನ ಸುಖದ ನೆನಪು ಕೂಡ ದೋಷಗಳೇ. ಐದನೆಯದು ನಿದಾನ, ಅಂದರೆ ಈ ವ್ರತದ ಫಲವಾಗಿ ಮುಂದೆ ತನಗೆ ಇಂಥದ್ದು ಸಿಗಲಿ ಎಂದು ಬಯಸುವುದು.

ಈಗ ‘ಡ್ರಾಪ್’ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಾಯಬೇಕೆಂಬ ಆಸೆ ಅಲ್ಲಿದೆ. ಸಾವಿನಿಂದ ಒಂದು ಲೌಕಿಕ ಫಲ, ಅರಸನಿಗೆ ಗಂಡುಮಗು, ಸಿಗಲಿ ಎಂಬ ಲೆಕ್ಕಾಚಾರವಿದೆ. ದಾರಿ ಗಿರಿಪಾತ. ಗುರುವಿಲ್ಲ, ಕ್ಷಮಾಯಾಚನೆಯಿಲ್ಲ. ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಯೊಬ್ಬಳು ಯಾವುದನ್ನು ಮಾಡಬಾರದೋ ಅದನ್ನೇ ಹೆಕ್ಕಿ ಹೆಕ್ಕಿ ಅವಳ ತಲೆಗೆ ಕಟ್ಟಿದಂತಿದೆ ಆ ಕಥೆ. ಕಥೆ ಕಟ್ಟಿದವರಿಗೆ ಕೆಟ್ಟ ಉದ್ದೇಶವಿತ್ತು ಎನ್ನಬೇಕಾಗಿಲ್ಲ. ಮುಡಿಪಿ ಎಂಬ ಮಾತಿನ ಅರ್ಥ ಊರಿನವರಿಗೆ ಮರೆತುಹೋದ ಮೇಲೆ, ರಾಣಿ ಈ ಬೆಟ್ಟದಲ್ಲಿ ಸತ್ತಳು ಎಂಬುದಷ್ಟೇ ಉಳಿದಿರಬೇಕು. ಹೇಗೆ ಸತ್ತಳು ಎಂದು ಕೇಳಿದವರಿಗೆ ಕಣ್ಣೆದುರಿನ ಪ್ರಪಾತವೇ ಉತ್ತರವಾಯಿತು.

ಇದು ಹಳೆಯ ಕಥೆಯ ಬಗೆಗಿನ ಪಂಡಿತರ ಜಗಳವಷ್ಟೇ ಅಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಂಥಾರಾ, ಅಂದರೆ ಸಲ್ಲೇಖನ, ಆತ್ಮಹತ್ಯೆಗೆ ಸಮಾನವೆಂದು ತೀರ್ಪು ಕೊಟ್ಟಾಗ ದೇಶದುದ್ದಕ್ಕೂ ಜೈನ ಸಮಾಜ ಬೀದಿಗಿಳಿಯಿತು. ಆಗಸ್ಟ್ 24ರಂದು ಎಷ್ಟೋ ಊರುಗಳಲ್ಲಿ ಮೌನ ಮೆರವಣಿಗೆ ನಡೆಯಿತು. ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಆ ವಾರಗಳಲ್ಲಿ ಪ್ರತಿಯೊಬ್ಬರೂ ಹೇಳಬೇಕಾಗಿ ಬಂದದ್ದು ಒಂದೇ ಮಾತು: ಇದು ಆತ್ಮಹತ್ಯೆಯಲ್ಲ, ವ್ರತ. ಅದೇ ಮಾತನ್ನು ಶಿವಗಂಗೆಯ ತುದಿಯಲ್ಲಿ, ಕನ್ನಡ ನಾಡು ಅತ್ಯಂತ ಚೆನ್ನಾಗಿ ಬಲ್ಲ ಜೈನ ಮಹಿಳೆಯ ವಿಷಯದಲ್ಲಿ ಹೇಳದೆ ಬಿಟ್ಟರೆ ಹೇಗೆ?

ಅವಳು ಒಬ್ಬಳೇ ಅಲ್ಲ ಎಂಬುದನ್ನೂ ನೆನಪಿಡಬೇಕು. ಶಾಂತಲೆಗಿಂತ ಇನ್ನೂರು ವರ್ಷ ಮೊದಲು, ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕೆಳಗೆ ನಾಗರಖಂಡದ ನಾಳ್ಗಾವುಂಡನಾಗಿದ್ದವನು ತೀರಿಕೊಂಡಾಗ ಅವನ ಹೆಂಡತಿ ಜಕ್ಕಿಯಬ್ಬೆಗೆ ಆ ಅಧಿಕಾರ ಬಂತು. ಅವಳು ಸಮರ್ಥವಾಗಿ ಆಳಿದಳೆಂದು ಶಾಸನ ಹೊಗಳುತ್ತದೆ. ಕಾಯಿಲೆ ಬಿದ್ದಾಗ ಮಗಳನ್ನು ಕರೆದು ಅಧಿಕಾರವನ್ನು ಒಪ್ಪಿಸಿ, ಬಂದಣಿಕೆಯ ಬಸದಿಗೆ ಹೋಗಿ ವ್ರತ ತೊಟ್ಟು ದೇಹ ಬಿಟ್ಟಳು. ಆಳಿದ ಹೆಣ್ಣು, ಅಧಿಕಾರ ಪಡೆದ ಮಗಳು, ಕ್ರಮವಾದ ಮರಣ. ಶಾಲೆಯ ಪುಸ್ತಕದಲ್ಲಿ ಒಂದು ಸಾಲಿಗೂ ಇವಳು ಬರುವುದಿಲ್ಲ. ಪ್ರಪಾತದ ಕಥೆ ಇಲ್ಲದ್ದರಿಂದಲೋ ಏನೋ.

ಗಂಡನ ಕಥೆ

ಶಾಂತಲೆಯ ಕಥೆ ಹೀಗಾದರೆ, ವಿಷ್ಣುವರ್ಧನನದ್ದು ಇನ್ನೂ ದೊಡ್ಡದು. ಬಿಟ್ಟಿದೇವನೆಂಬ ಜೈನ ಅರಸ, ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನನೆಂದು ಹೆಸರು ಬದಲಿಸಿಕೊಂಡ ಎಂದು ಎಲ್ಲರೂ ಶಾಲೆಯಲ್ಲಿ ಕಲಿತಿದ್ದಾರೆ. ಮುಂದಿನ ಶತಮಾನಗಳಲ್ಲಿ ಬೆಳೆದ ಕಥೆಗಳು ಇಲ್ಲಿಗೆ ನಿಲ್ಲುವುದಿಲ್ಲ. ತೊಣ್ಣೂರಿನಲ್ಲಿ ಸಾವಿರ ಜೈನ ವಾದಿಗಳು ಸೋತರು, ಒಪ್ಪದವರನ್ನು ಗಾಣಕ್ಕೆ ಹಾಕಿ ಅರೆಸಲಾಯಿತು ಎಂದು ಒಂದು ಕಡೆಯ ಕಥೆ. ಇನ್ನೊಂದು ಕಡೆ ಜೈನರಲ್ಲೇ ಹುಟ್ಟಿದ ಸ್ಥಳಪುರಾಣವಿದೆ. ಅದರ ಪ್ರಕಾರ ಅರಸ ಹಳೇಬೀಡಿನ 720 ಬಸದಿಗಳನ್ನು ಕೆಡವಿಸಿದ. ಆ ಪಾಪಕ್ಕೆ ಅಡಗೂರಿನ ಬಳಿ ಭೂಮಿ ಬಾಯಿ ಬಿಟ್ಟಿತು. ಕೊನೆಗೆ ಬೆಳಗೊಳದ ಗುರುಗಳೇ ಬಂದು ಆ ಬಿರುಕನ್ನು ಮುಚ್ಚಿಸಬೇಕಾಯಿತು.

ಗಮನಿಸಬೇಕಾದ ವಿಚಿತ್ರ ಇಲ್ಲಿದೆ. ಒಂದು ಕಥೆ ತಮ್ಮ ಆಚಾರ್ಯರ ಮಹಿಮೆ ಹೇಳಲು ಹುಟ್ಟಿತು, ಇನ್ನೊಂದು ತಮ್ಮ ಗುರುಗಳ ಮಹಿಮೆ ಹೇಳಲು. ಎರಡಕ್ಕೂ ಬೇಕಾದದ್ದು ಒಬ್ಬ ಕ್ರೂರ ಅರಸ. ಹಾಗಾಗಿ ಎದುರಾಳಿಗಳಿಬ್ಬರೂ ಒಂದೇ ವಿಷಯದಲ್ಲಿ ಒಮ್ಮತಕ್ಕೆ ಬಂದರು: ವಿಷ್ಣುವರ್ಧನ ಜೈನರನ್ನು ಹಿಂಸಿಸಿದ. ಅವನ ಕಾಲದ ಶಾಸನಗಳು ಮಾತ್ರ ಇಬ್ಬರ ಮಾತನ್ನೂ ಒಪ್ಪುವುದಿಲ್ಲ.

ಅರಸ ವಿಷ್ಣುಭಕ್ತನಾಗಿದ್ದುದರಲ್ಲಿ ಸಂಶಯವಿಲ್ಲ. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದವನು ಅವನು. ಆದರೆ ಆ ವಿಜಯ ಯಾವುದು? ಹಿಂದಿನ ವರ್ಷ ತಲಕಾಡಿನಲ್ಲಿ ಚೋಳರ ಮೇಲೆ ಸಿಕ್ಕ ಗೆಲುವು. ಆ ಯುದ್ಧವನ್ನು ಗೆದ್ದುಕೊಟ್ಟ ಸೇನಾಪತಿ ಗಂಗರಾಜ, ಕಟ್ಟಾ ಜೈನ. ಏನು ಬೇಕು ಕೇಳು ಎಂದ ಅರಸನಿಂದ ಅವನು ಪಡೆದ ಊರುಗಳು ಜಿನಪೂಜೆಗೆ ಹೋದವು. 1118ರಲ್ಲಿ ಪರಮ ಎಂಬ ಊರನ್ನು ತಾಯಿ ಪೋಚಲದೇವಿ ಮತ್ತು ಹೆಂಡತಿ ಲಕ್ಷ್ಮೀದೇವಿ ಕಟ್ಟಿಸಿದ ಬಸದಿಗಳಿಗೆ ಬಿಟ್ಟ. ಚಿಕ್ಕಬೆಟ್ಟದ ಶಾಸನ ಬಸದಿ ಅವನದು, ಕತ್ತಲೆ ಬಸದಿ ತಾಯಿಗಾಗಿ ಕಟ್ಟಿಸಿದ್ದು, ಎರಡುಕಟ್ಟೆ ಬಸದಿ ಹೆಂಡತಿಯದು. ದೊಡ್ಡಬೆಟ್ಟದಲ್ಲಿ ಗೊಮ್ಮಟೇಶ್ವರನ ಸುತ್ತಾಲಯವೂ ಅವನದೇ. ಸ್ವಾಮಿಯ ಪಾದದ ಬಳಿ ಆ ಮಾತನ್ನು ಕನ್ನಡ, ಮರಾಠಿ ಎರಡು ಭಾಷೆಗಳಲ್ಲೂ ಬರೆಸಲಾಗಿದೆ. ಮರಾಠಿಯ ಹಳೆಯ ಬರಹಗಳಲ್ಲಿ ಒಂದೆಂದು ಹೆಸರಾದ ಆ ಸಾಲುಗಳಲ್ಲಿ ಚಾವುಂಡರಾಯನ ಜೊತೆಗೆ ಗಂಗರಾಜನ ಹೆಸರೂ ಇರುವುದನ್ನು ಮಸ್ತಕಾಭಿಷೇಕಕ್ಕೆ ಹೋದವರಲ್ಲಿ ಎಷ್ಟು ಮಂದಿ ಓದಿದ್ದಾರೋ.

ಗಂಗರಾಜನ ಬಿರುದು ದ್ರೋಹಘರಟ್ಟ. ಘರಟ್ಟ ಎಂದರೆ ಬೀಸುವ ಕಲ್ಲು. ದ್ರೋಹಿಗಳನ್ನು ಅರೆಯುವ ಕಲ್ಲು ಎಂದರ್ಥ. ಜೈನರನ್ನು ಗಾಣಕ್ಕೆ ಹಾಕಿದನೆಂದು ಕಥೆ ಹೇಳುವ ಅರಸನ ದಂಡಿನಲ್ಲಿ ಬೀಸುವ ಕಲ್ಲೆಂದು ಹೊಗಳಿಸಿಕೊಂಡವನು ಜೈನನೇ ಆಗಿದ್ದ.

ಇನ್ನೊಬ್ಬ ದಂಡನಾಯಕ ಪುಣಿಸಮಯ್ಯ. 1117ರಲ್ಲಿ ಈಗಿನ ಚಾಮರಾಜನಗರದ ಕಡೆಯ ಅರಕೊಠಾರದಲ್ಲಿ ಬಸದಿ ಕಟ್ಟಿಸಿದ. ಯುದ್ಧಗಳು ನಡೆದ ಆ ನಾಡಿನಲ್ಲಿ ಬಂಡವಾಳ ಕಳೆದುಕೊಂಡ ವ್ಯಾಪಾರಿಗೂ, ಬಿತ್ತಲು ಬೀಜವಿಲ್ಲದ ರೈತನಿಗೂ ಅವನು ನೆರವಾದನೆಂದು ಶಾಸನ ನೆನೆಯುತ್ತದೆ. 1125ರಲ್ಲಿ ಸ್ವತಃ ವಿಷ್ಣುವರ್ಧನ ಶ್ರವಣಬೆಳಗೊಳದ ಸಮೀಪದ ಚಲ್ಯದಲ್ಲಿ ಶ್ರೀಪಾಲ ತ್ರೈವಿದ್ಯದೇವರಿಗೆ ದತ್ತಿ ಬಿಟ್ಟ. ಮತ ಬದಲಿಸಿ ಬಸದಿಗಳನ್ನು ಕೆಡವುತ್ತಿದ್ದ ಅರಸ ಮಾಡುವ ಕೆಲಸಗಳಲ್ಲ ಇವು.

ಶಾಂತಲೆಯ ಕಡೆಗೆ ತಿರುಗಿದರೂ ಇದೇ ಕಾಣುತ್ತದೆ. ಅರಸ ಬೇಲೂರಿನಲ್ಲಿ ವಿಜಯನಾರಾಯಣನನ್ನು ನಿಲ್ಲಿಸಿದಾಗ, ಅದೇ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಜೈನ ರಾಣಿ ಶಾಂತಲೆ. ಹಳೇಬೀಡಿನ ಜೋಡಿ ಶಿವಾಲಯದ ಎರಡು ಗರ್ಭಗುಡಿಗಳಲ್ಲಿ ಒಂದು ಹೊಯ್ಸಳೇಶ್ವರ, ಇನ್ನೊಂದು ಅವಳ ಹೆಸರಿನ ಶಾಂತಲೇಶ್ವರ. ಇಷ್ಟಾದ ಮೇಲೂ 1123ರಲ್ಲಿ ಅವಳು ಬಸದಿ ಕಟ್ಟಿಸಿದ್ದು ಬೆಳಗೊಳದಲ್ಲಿ. ಗಂಡ ವೈಷ್ಣವ, ಹೆಂಡತಿ ಜೈನ, ಮಾವ ಶೈವ. ಈ ಮನೆಯಲ್ಲಿ ಗಾಣ ತಿರುಗುತ್ತಿರಲಿಲ್ಲ. ಇನ್ನು ಹೆಸರಿನ ವಿಷಯ: ಬಿಟ್ಟಿ ಎಂಬುದೇ ವಿಷ್ಣು ಶಬ್ದದ ತದ್ಭವವೆಂದು ವಿದ್ವಾಂಸರು ತೋರಿಸಿದ್ದಾರೆ. ಹುಟ್ಟಿದಾಗಲೇ ಇಟ್ಟಿದ್ದ ಹೆಸರಿನ ಸಂಸ್ಕೃತ ರೂಪಕ್ಕೆ ಮತಾಂತರದ ಕಾರಣ ಬೇಕಾಗಿಲ್ಲ.

ವಿಜಯ ಪಾರ್ಶ್ವ

ಇವೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಹಳೇಬೀಡಿನ ಬಸದಿಹಳ್ಳಿಯಲ್ಲಿದೆ. 1133ರಲ್ಲಿ ಗಂಗರಾಜ ತೀರಿಕೊಂಡ. ಅವನ ಮಗ ಬೊಪ್ಪ ತಂದೆಯ ನೆನಪಿಗೆ ರಾಜಧಾನಿ ದೋರಸಮುದ್ರದ ನಡುವೆ ಜಿನಾಲಯ ಕಟ್ಟಿಸಿ ಪಾರ್ಶ್ವನಾಥ ಸ್ವಾಮಿಯ ಪ್ರತಿಷ್ಠೆ ಮಾಡಿಸಿದ. ಪ್ರತಿಷ್ಠಾಚಾರ್ಯರು ನಯಕೀರ್ತಿ ಸಿದ್ಧಾಂತ ಚಕ್ರವರ್ತಿಗಳು. ಪೂಜೆಯ ಶೇಷೆಯನ್ನು ಹಿಡಿದು ಅರ್ಚಕರು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಹೋದರು. ಅದೇ ಹೊತ್ತಿಗೆ ವಿಷ್ಣುವರ್ಧನ ಒಂದು ಯುದ್ಧವನ್ನು ಗೆದ್ದಿದ್ದ. ಮಗ ಹುಟ್ಟಿದ ಸುದ್ದಿಯೂ ಬಂದಿತ್ತು. ಶೇಷೆ ತಂದವರನ್ನು ಕಂಡು ಅರಸ ಎದ್ದು ಕೈಮುಗಿದು ಸ್ವೀಕರಿಸಿದ. ಈ ದೇವರ ಪ್ರತಿಷ್ಠೆಯ ಪುಣ್ಯದಿಂದಲೇ ಗೆಲುವೂ ಮಗನೂ ದೊರೆತರೆಂದು ಹೇಳಿ ದೇವರಿಗೆ ವಿಜಯ ಪಾರ್ಶ್ವ ಎಂದೂ, ಮಗುವಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟ. ಬಸದಿಗೆ ಜಾವಗಲ್ಲನ್ನು ದತ್ತಿಯಾಗಿ ಕೊಟ್ಟ.

ಜೈನರನ್ನು ಅರೆಸಿದನೆಂದು ಕಥೆಯಲ್ಲಿ ಪ್ರಸಿದ್ಧನಾದ ಅರಸ, ಪಟ್ಟಕ್ಕೆ ಬರಲಿರುವ ಮಗನಿಗೆ ತೀರ್ಥಂಕರನ ಜೊತೆಗೆ ಒಂದೇ ವಿಶೇಷಣವನ್ನು ಹಂಚಿಕೊಟ್ಟ. ಆ ನರಸಿಂಹನೂ ತಂದೆಯ ದಾರಿಯಲ್ಲೇ ನಡೆದ. ಅವನ ಭಂಡಾರಿ ಹುಳ್ಳ 1159ರಲ್ಲಿ ಬೆಳಗೊಳದಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಬಸದಿ ಕಟ್ಟಿಸಿದಾಗ, ಅರಸನೇ ಬಂದು ಅದಕ್ಕೆ ಭವ್ಯಚೂಡಾಮಣಿ ಎಂದು ಹೆಸರಿಟ್ಟು ಸವಣೇರು ಗ್ರಾಮವನ್ನು ಬಿಟ್ಟ. ಇಂದಿನ ಭಂಡಾರ ಬಸದಿ ಅದೇ.

ಹಾಗೆಂದು ಜೈನರಿಗೆ ಎಂದೂ ಕಷ್ಟವೇ ಬರಲಿಲ್ಲ ಎನ್ನುವುದೂ ಇನ್ನೊಂದು ಕಥೆಯಾದೀತು. ಹಾವೇರಿ ಸೀಮೆಯ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನ ಶಾಸನವೂ ಶಿಲ್ಪಗಳೂ ಬೇರೆ ಬಗೆಯ ಸಂಗತಿಯನ್ನು ತೋರಿಸುತ್ತವೆ. ಭಂಡಾರ ಬಸದಿಯಲ್ಲೇ ಇರುವ 1368ರ ಬುಕ್ಕರಾಯನ ಶಾಸನ, ಪಂಚಮಹಾವಾದ್ಯ ಮತ್ತು ಕಲಶದ ಹಕ್ಕಿನ ಬಗ್ಗೆ ಜೈನರಿಗೂ ಶ್ರೀವೈಷ್ಣವರಿಗೂ ನಡೆದ ವ್ಯಾಜ್ಯದಿಂದ ಹುಟ್ಟಿದ್ದು. ಅರಸ ಜೈನರ ಕೈಹಿಡಿದು ವೈಷ್ಣವರ ಕೈಯಲ್ಲಿಟ್ಟು ಇಬ್ಬರಿಗೂ ಭೇದವಿಲ್ಲವೆಂದ. ಮನೆಗೆ ವರ್ಷಕ್ಕೊಂದು ಹಣದಂತೆ ಜೈನರು ಕೊಡಬೇಕು, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಾಳುಗಳನ್ನು ಇಟ್ಟು, ಉಳಿದದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕೆಂದು ತೀರ್ಮಾನವಾಯಿತು. ಕಾವಲು ಬೇಕಾದ ಕಾಲವದು. ಆದರೆ ಆ ಕಾಲದ ಕಷ್ಟವನ್ನು ಎರಡು ಶತಮಾನ ಹಿಂದಕ್ಕೆ ಎಳೆದು ವಿಷ್ಣುವರ್ಧನನ ತಲೆಗೆ ಕಟ್ಟಿದರೆ, ಗಂಗರಾಜ, ಬೊಪ್ಪ, ಪುಣಿಸ, ಹುಳ್ಳ ಇವರೆಲ್ಲ ಮರೆಯಾಗುತ್ತಾರೆ. ಹೊಯ್ಸಳ ರಾಜ್ಯವನ್ನು ಕಟ್ಟಿದವರಾಗಿ ಕಾಣಬೇಕಾದ ಜೈನರು ಬರೀ ಪೆಟ್ಟು ತಿಂದವರಾಗಿ ಕಾಣುತ್ತಾರೆ. ನಷ್ಟ ಯಾರಿಗೆಂದು ಬೇರೆ ಹೇಳಬೇಕಿಲ್ಲ.

ಶಾಂತಲೆಯನ್ನು ಕನ್ನಡಿಗರ ಮನೆಮಾತು ಮಾಡಿದ್ದು ಶಾಸನಗಳಲ್ಲ, ಕಾದಂಬರಿಗಳು. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಒಂದು ತಲೆಮಾರಿನ ಓದುಗರನ್ನು ಸೆಳೆಯಿತು. ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ 1983ರಲ್ಲಿ ಭಾರತೀಯ ಜ್ಞಾನಪೀಠದ ಮೊದಲ ಮೂರ್ತಿದೇವಿ ಪ್ರಶಸ್ತಿ ಪಡೆಯಿತು. ಕಾದಂಬರಿಕಾರರಿಗೆ ಕಲ್ಪನೆಯ ಸ್ವಾತಂತ್ರ್ಯವಿದೆ, ಅದನ್ನು ಪ್ರಶ್ನಿಸುವಂತಿಲ್ಲ. ಆದರೆ ಮೂಲವೂ ಕೈಗೆಟುಕದ್ದೇನಲ್ಲ. ಬಿ.ಎಲ್. ರೈಸ್ 1889ರಲ್ಲೇ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದರು. ಆಗ ಇದ್ದದ್ದು 144. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500ಕ್ಕೆ ಏರಿದವು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದ ಸಂಪುಟದಲ್ಲಿ 573 ಇವೆ. ಜಿಲ್ಲಾ ಗ್ರಂಥಾಲಯಗಳಲ್ಲಿ ಕೇಳಿದರೆ ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೆಯ ಸಂಪುಟ ಸಿಗುವುದುಂಟು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ಕಡೆ ಹೋಗುವವರು ಹೆಚ್ಚಾಗಿದ್ದಾರೆ. ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ದೇವಾಲಯದಿಂದ ಸ್ವಲ್ಪವೇ ದೂರದ ಬಸದಿಹಳ್ಳಿಗೂ ಹೋಗಬಹುದು. ಕನ್ನಡಿಯಂತೆ ಮಿನುಗುವ ಕಂಬಗಳ ನಡುವೆ ನಿಂತಿರುವ ಎತ್ತರದ ಪಾರ್ಶ್ವನಾಥ ಸ್ವಾಮಿಯೇ ಅರಸ ಹೆಸರಿಟ್ಟ ವಿಜಯ ಪಾರ್ಶ್ವ. ಬೆಳಗೊಳದಲ್ಲಿ ಹೆಚ್ಚಿನವರು ದೊಡ್ಡಬೆಟ್ಟ ಏರಿ ಇಳಿಯುವಷ್ಟರಲ್ಲಿ ದಣಿದು ಚಿಕ್ಕಬೆಟ್ಟವನ್ನು ಬಿಟ್ಟುಬಿಡುತ್ತಾರೆ. ಅದರ ಮೆಟ್ಟಿಲುಗಳು ಕಡಿಮೆ, ಏರುವುದೂ ಸುಲಭ. ಬೆಳಗಿನ ಹೊತ್ತು ಬಿಸಿಲೇರುವ ಮೊದಲು ಹೋದರೆ, ಸವತಿ ಗಂಧವಾರಣ ಬಸದಿಯ ಬಳಿ ಮಗಳ ಮರಣವನ್ನೂ ತಾಯಿಯ ಸಮಾಧಿಯನ್ನೂ ಒಟ್ಟಿಗೆ ಹೇಳುವ ಆ ಅಕ್ಷರಗಳನ್ನು ಮಕ್ಕಳಿಗೆ ತೋರಿಸಬಹುದು.